ಮಳೆಯ ಅನಿಶ್ಚಯವೂ ರೈತನ ಮುಂಜಾಗ್ರತೆಯೂ

(ಕುಷ್ಕಿ ಬೇಸಾಯದ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೇಸಾಯಕ್ಕೆ ಬೇಕಾದ ಅಂಗಗಳಲ್ಲಿ ಭೂಮಿ, ಬೀಜ, ಗೊಬ್ಬರ, ದನಕರು, ಆಳುಕಾಳು ಇವೆಲ್ಲವೂ ಹೆಚ್ಚುಕಡಮೆ ರೈತನ ಅಧೀನದಲ್ಲಿರತಕ್ಕವು. ಮಳೆಯೊಂದು ಮಾತ್ರ ಅವನ ಅಧೀನದಲ್ಲಿಲ್ಲ. ನಾಲೆಯ ಕೆಳಗಿನ ತರಿ ಜಮೀನಿನವನಿಗೆ ಈ ಮಾತು ಅಷ್ಟಾಗಿ ತಟ್ಟದೆ ಇರಬಹುದು. ಕೋಲಾರ, ತುಮಕೂರು, ಚಿತ್ರದುರ್ಗ, ಬೆಂಗಳೂರು ಸೀಮೆಗಳ ಕುಷ್ಕಿ ರೈತನಿಗಾದರೋ ವರ್ಷದ ಅನ್ನವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಈ ಅನಿಶ್ಚಯವನ್ನು ಕುರಿತು ಗ್ರಾಮಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಎಲ್ಲವೂ ದೈವಾಧೀನ, ಮಾಡುವುದೇನಿದೆ" ಎಂಬುದು ಒಂದು. "ಈ ವರ್ಷ ಮಳೆ ಚೆನ್ನಾಗಿ ಆಗುವುದಂತೆ, ಸಾಲಮಾಡಿಯಾದರೂ ಇಡೀ ಹೊಲಕ್ಕೆ ಬೆಲೆಬಾಳುವ ಒಂದೇ ಬೆಳೆ ಹಾಕೋಣ" ಎಂಬುದು ಇನ್ನೊಂದು. ಮೊದಲನೆಯವನು ಏನೂ ಮಾಡದೆ ಕೆಡುತ್ತಾನೆ. ಎರಡನೆಯವನು ಊಹೆಯನ್ನು ನಂಬಿ ಕೆಡುತ್ತಾನೆ. ಇವೆರಡಕ್ಕೂ ನಡುವೆ ಮೂರನೆಯ ದಾರಿಯೊಂದುಂಟು. ಮಳೆ ಹೇಗೆ ಬಂದೀತೆಂದು ತಿಳಿಯದೆ ಇದ್ದರೂ, ಅದು ಹೇಗೆ ಬಂದರೂ ಮನೆ ಮುಳುಗದಂತೆಯೂ, ಚೆನ್ನಾಗಿ ಬಂದರೆ ಅದರ ಫಲ ಪೂರ್ತಿಯಾಗಿ ಕೈಸೇರುವಂತೆಯೂ ಬೇಸಾಯವನ್ನು ಅಣಿಮಾಡಿಕೊಳ್ಳಬಹುದು. ಕೆಟ್ಟ ವರ್ಷದ ನಷ್ಟ ಚಿಕ್ಕದಾಗಿರಬೇಕು, ಒಳ್ಳೆಯ ವರ್ಷದ ಲಾಭ ದೊಡ್ಡದಾಗಿರಬೇಕು. ಈ ಉಪನ್ಯಾಸದ ತಾತ್ಪರ್ಯವೆಲ್ಲ ಇಷ್ಟೆ. ಅದನ್ನು ಹೇಗೆ ಸಾಧಿಸಬೇಕೆಂಬುದನ್ನು ಒಂದೊಂದಾಗಿ ವಿವರಿಸಲಾಗುವುದು.

೧. ಮುಂದಾಗುವುದನ್ನು ಮೊದಲೇ ತಿಳಿಯಬಹುದೆ?

ಹವಾಮಾನ ಶಾಸ್ತ್ರವು ಬಹಳ ಮುಂದುವರಿದಿದೆ. ಎರಡು ಮೂರು ದಿನಗಳ ಮಳೆಯನ್ನು ಕುರಿತು ಅದು ಹೇಳುವ ಮಾತನ್ನು ರೈತನು ಅವಶ್ಯವಾಗಿ ಕೇಳತಕ್ಕದ್ದು. ಆದರೆ ಇಡೀ ಕಾಲದ ಮಳೆಯನ್ನು ತಿಂಗಳುಗಳ ಮೊದಲೇ ನಿಶ್ಚಯವಾಗಿ ಹೇಳುವುದು ಇನ್ನೂ ಸಾಧ್ಯವಾಗಿಲ್ಲ. ಇದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. ೨೦೦೨ನೆಯ ವರ್ಷ ದೇಶದಲ್ಲಿ ಸಾಧಾರಣ ಮಳೆಯಾಗುವುದೆಂದು ಮುನ್ಸೂಚನೆಯಿತ್ತು. ಜುಲೈ ತಿಂಗಳೆಲ್ಲ ಮೋಡ ಒಣಗಿಹೋಗಿ, ಕೊನೆಗೆ ಬಂದದ್ದು ವಾಡಿಕೆಯ ಮಳೆಯಲ್ಲಿ ಶೇಕಡ ೮೧ ಭಾಗ ಮಾತ್ರ. ಇದಕ್ಕೆ ಐದು ವರ್ಷ ಮೊದಲು, ೧೯೯೭ರಲ್ಲಿ, ಪೂರ್ವದ ಶಾಂತಸಾಗರದ ನೀರು ವಿಪರೀತವಾಗಿ ಕಾದಿದ್ದುದರಿಂದ ಬರ ತಪ್ಪದೆಂದು ಅನೇಕರು ಹೆದರಿದ್ದರು. ಆ ವರ್ಷ ದೇಶದಲ್ಲಿ ವಾಡಿಕೆಯಷ್ಟೇ ಮಳೆ ಬಿತ್ತು.

ಒಂದೇ ವರ್ಷದಲ್ಲಿ ಎರಡೂ ವಿಪತ್ತುಗಳು ಬರುವುದೂ ಉಂಟು. ೨೦೦೯ರಲ್ಲಿ ಮುಂಗಾರು ಕೈಕೊಟ್ಟು ಬರದ ಮಾತು ನಡೆಯುತ್ತಿರುವಾಗಲೇ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸುರಿದ ಮಳೆಯಿಂದ ಊರುಗಳೇ ಜಲಾವೃತವಾದವು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಸರ್ಕಾರವು ಬರಪೀಡಿತವೆಂದು ಸಾರಬೇಕಾಯಿತು. ಆದಕಾರಣ "ಈ ವರ್ಷ ಹೇಗೆ?" ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂರುವುದಕ್ಕಿಂತ, "ಹೇಗಾದರೂ ಆಗಲಿ, ಏನು ಮಾಡಿಟ್ಟುಕೊಂಡಿದೆ?" ಎಂಬ ಪ್ರಶ್ನೆಯನ್ನು ರೈತನು ತನಗೆ ತಾನೇ ಹಾಕಿಕೊಳ್ಳುವುದು ಮೇಲು.

೨. ಧಾತು ಈಶ್ವರ ಕ್ಷಾಮದ ಪಾಠ

ಮೈಸೂರು ಸೀಮೆಯಲ್ಲಿ ೧೮೭೬ರಿಂದ ೧೮೭೮ರವರೆಗೆ ಆದ ಮಹಾಕ್ಷಾಮವನ್ನು ಹಳಬರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದರು. ೧೮೭೧ರ ಜನಗಣತಿಯಲ್ಲಿ ಸೀಮೆಯ ಜನಸಂಖ್ಯೆ ೫೦ ಲಕ್ಷ ೫೫ ಸಾವಿರದಷ್ಟಿತ್ತು. ೧೮೮೧ರ ಗಣತಿಯಲ್ಲಿ ಅದು ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಬೆಳೆಯಬೇಕಾಗಿದ್ದ ಜನಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲವಾದರೆಂಬುದನ್ನು ಈ ಎರಡು ಅಂಕಗಳೇ ಹೇಳುತ್ತವೆ. ದನಕರುಗಳ ನಾಶಕ್ಕಂತೂ ಮಿತಿಯಿರಲಿಲ್ಲ.

ಈ ಕ್ಷಾಮದಿಂದ ಕಲಿಯಬೇಕಾದ ಪಾಠವೊಂದಿದೆ. ೧೮೭೫ರಲ್ಲಿಯೇ ಮಳೆ ಕಡಮೆಯಾಗಿತ್ತು. ೧೮೭೬ರಲ್ಲಿ ಅದು ತಪ್ಪಿತು. ೧೮೭೭ರಲ್ಲಿಯೂ ಬಹುಕಾಲ ತಡವಾಯಿತು. ಒಂದು ವರ್ಷದ ಕೊರತೆಯನ್ನು ಕೂಡಿಟ್ಟ ಕಾಳು ತಡೆದೀತು. ಕೊರತೆಯ ಮೇಲೆ ಕೊರತೆ ಬಂದಾಗ, ಮೊದಲನೆಯ ವರ್ಷವೇ ಉಗ್ರಾಣವನ್ನು ಬರಿದುಮಾಡಿಕೊಂಡವನಿಗೆ ಎರಡನೆಯ ವರ್ಷ ಬಿತ್ತುವುದಕ್ಕೆ ಬೀಜವಿರುವುದಿಲ್ಲ, ಉಳುವುದಕ್ಕೆ ಎತ್ತಿರುವುದಿಲ್ಲ. ಆ ಮೇಲೆ ಒಳ್ಳೆಯ ಮಳೆ ಬಂದರೂ ಅವನ ಹೊಲಕ್ಕೆ ಅದರ ಫಲವಿಲ್ಲ. ರೈತನನ್ನು ನಿಜವಾಗಿ ಕೆಡಿಸುವುದು ಒಂದು ಬೆಳೆ ಹೋಗುವುದಲ್ಲ. ಮುಂದಿನ ಬೆಳೆ ಎತ್ತುವ ಶಕ್ತಿ ಹೋಗುವುದು. ಈ ಶಕ್ತಿಯನ್ನು ಕಾಪಾಡುವುದೇ ಮುಂಜಾಗ್ರತೆಯ ಮೊದಲನೆಯ ಕೆಲಸ. ಇಂದು ರಸ್ತೆ, ರೈಲು, ಪಡಿತರದ ಅಂಗಡಿಗಳಿರುವುದರಿಂದ ಅಂಥಾ ಸಾವುನೋವು ಆಗಲಾರದು. ಆದರೆ ಒಂದೇ ಬರದಲ್ಲಿ ದನ ಮಾರಿ, ಜಮೀನು ಅಡವಿಟ್ಟು, ಪಟ್ಟಣಕ್ಕೆ ಕೂಲಿಗೆ ಹೋದ ಕುಟುಂಬಗಳು ಈಗಲೂ ಪ್ರತಿಯೊಂದು ಹೋಬಳಿಯಲ್ಲಿಯೂ ಇವೆ.

೩. ಮೊದಲನೆಯ ಕಾಪು: ಕಾಳು, ಬೀಜ, ಮೇವು

ಕುಷ್ಕಿ ರೈತನ ಪುಣ್ಯಕ್ಕೆ ರಾಗಿಯಂಥ ಧಾನ್ಯವು ಅವನಿಗೆ ದೊರೆತಿದೆ. ಕಾಳು ಸಣ್ಣದಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ಅದಕ್ಕೆ ಹುಳು ಬೀಳುವುದು ಅಪರೂಪ. ಚೆನ್ನಾಗಿ ಒಣಗಿಸಿಟ್ಟರೆ ಹಲವು ವರ್ಷ ಕೆಡದೆ ಉಳಿಯುತ್ತದೆ. ಹಿಂದಿನವರು ಗಟ್ಟಿನೆಲದಲ್ಲಿ ಬಾಯಿ ಕಿರಿದಾಗಿ ಒಳಗೆ ಅಗಲವಾಗಿರುವ ಹಗೇವುಗಳನ್ನು ತೋಡಿ, ಸುತ್ತಲೂ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಳೆಯ ಹಗೇವು ತೆರೆಯುವ ಸಂದರ್ಭ ಯಾರಿಗಾದರೂ ಒದಗಿದರೆ ಒಂದು ಎಚ್ಚರಿಕೆಯನ್ನು ಮರೆಯಕೂಡದು: ಬಾಯಿ ತೆರೆದೊಡನೆ ಒಳಗಿಳಿಯಬಾರದು. ಒಳಗೆ ಕೆಟ್ಟಗಾಳಿ ನಿಂತಿರುತ್ತದೆ, ಅದರಿಂದ ಪ್ರಾಣಹಾನಿಯಾದದ್ದುಂಟು. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಹಗ್ಗದಿಂದ ಇಳಿಸಿ ನೋಡಬೇಕು. ದೀಪ ನಂದಿದರೆ ಯಾರೂ ಇಳಿಯತಕ್ಕದ್ದಲ್ಲ.

ಈಗ ಹಗೇವಿನ ಬದಲು ತಗಡಿನ ಕಣಜ, ಚೀಲಗಳು ಬಂದಿವೆ; ನಿಯಮ ಮಾತ್ರ ಹಿಂದಿನದೇ. ಐದು ಜನರ ಸಂಸಾರದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಕಿಲೋ ರಾಗಿಯೆಂದು ಲೆಕ್ಕ ಹಿಡಿದರೆ ವರ್ಷಕ್ಕೆ ಸುಮಾರು ೯ ಕ್ವಿಂಟಾಲ್ ಬೇಕಾಗುತ್ತದೆ. ಈ ವರ್ಷದ ಊಟಕ್ಕೆ ಬೇಕಾದದ್ದಲ್ಲದೆ ಇನ್ನೊಂದು ವರ್ಷದ ಕಾಳು ಮನೆಯಲ್ಲಿರುವವರೆಗೆ ರೈತನು ರಾಗಿಯನ್ನು ಕಣದಲ್ಲಿಯೇ ಮಾರಬಾರದು. ಒಕ್ಕಣೆಯಾದೊಡನೆ ಎಲ್ಲರೂ ಮಾರುವುದರಿಂದ ಆಗ ಧಾರಣೆ ಇಳಿದಿರುತ್ತದೆ. ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂದರೆ ಹಳೆಯ ರಾಗಿಯನ್ನು ಮಾರಿ ಹೊಸದನ್ನು ತುಂಬಬಹುದು. ಬೆಳೆ ತಪ್ಪಿದರೆ ಊಟಕ್ಕೂ ಆಯಿತು, ಮಿಕ್ಕದ್ದಕ್ಕೆ ಒಳ್ಳೆಯ ಬೆಲೆಯೂ ಬರುತ್ತದೆ. ಕಾಳು ಕೂಡಿಟ್ಟವನಿಗೆ ಧಾರಣೆಯ ಏರಿಳಿತವೇ ಅನುಕೂಲ. ಕಾಳಿಲ್ಲದವನಿಗೆ ಅದೇ ಏರಿಳಿತ ಶತ್ರು.

ಬೀಜದ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿರಬೇಕು. ಬಿತ್ತಿದ ಮೇಲೆ ಹದ ಹಾರಿ ಮೊಳಕೆ ಸಾಯುವುದು ಕುಷ್ಕಿಯಲ್ಲಿ ಹೊಸತಲ್ಲ. ಕೂರಿಗೆಯಲ್ಲಿ ಬಿತ್ತಲು ಎಕರೆಗೆ ನಾಲ್ಕೈದು ಕಿಲೋ ರಾಗಿ ಸಾಕು. ಎರಡು ಬಿತ್ತನೆಗೆ ಆಗುವಷ್ಟು ಬೀಜ ಇಟ್ಟುಕೊಳ್ಳುವುದಕ್ಕೆ ಇನ್ನೈದು ಕಿಲೋ ರಾಗಿಯನ್ನು ತೆಗೆದಿಟ್ಟರಾಯಿತು. ಇಷ್ಟು ಅಲ್ಪವಾದ ವೆಚ್ಚದಿಂದ ಇಡೀ ವರ್ಷದ ಬೆಳೆಗೆ ಎರಡನೆಯ ಅವಕಾಶ ದೊರೆಯುವಾಗ ಅದನ್ನು ಬಿಡುವುದು ಜಾಣತನವಲ್ಲ.

ಮೂರನೆಯದು ಮೇವು. ರಾಗಿ ಹುಲ್ಲು ಮೆದೆಯಲ್ಲಿ ಚೆನ್ನಾಗಿ ಉಳಿಯುವ ಮೇವು. ಒಳ್ಳೆಯ ವರ್ಷದಲ್ಲಿ ಹುಲ್ಲು ಹೆಚ್ಚಾಯಿತೆಂದು ಅಗ್ಗಕ್ಕೆ ಮಾರಿದವನು ಬರದಲ್ಲಿ ಅದೇ ಹುಲ್ಲಿಗಾಗಿ ಎತ್ತನ್ನೇ ಮಾರಬೇಕಾಗುತ್ತದೆ. ಬರದಲ್ಲಿ ಎಲ್ಲರೂ ದನ ಮಾರುವುದರಿಂದ ಬೆಲೆ ಬೀಳುತ್ತದೆ. ಮಳೆ ಬಂದಮೇಲೆ ಎಲ್ಲರೂ ಕೊಳ್ಳುವುದರಿಂದ ಬೆಲೆ ಏರುತ್ತದೆ. ಒಂದು ಹೆಚ್ಚಿನ ಮೆದೆ ಈ ಎರಡೂ ಪೆಟ್ಟನ್ನು ತಪ್ಪಿಸುತ್ತದೆ.

೪. ಒಂದು ಹೊಲದಲ್ಲಿ ಹಲವು ಪೈರು

ಅಕ್ಕಡಿ ಸಾಲಿನ ಪದ್ಧತಿಯನ್ನು ಮೈಸೂರು ಸೀಮೆಯ ರೈತರಿಗೆ ಯಾರೂ ಹೊರಗಿನಿಂದ ಬಂದು ಕಲಿಸಲಿಲ್ಲ. ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಕಟ್ಟಿ, ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬಿತ್ತಿ, ಹೊಲದ ಅಂಚಿಗೆ ಹರಳನ್ನು ಹಾಕುವುದು ತಲೆತಲಾಂತರದ ರೂಢಿ. ಇದನ್ನು ಹಿಂದುಳಿದ ಪದ್ಧತಿಯೆಂದು ಕೆಲವರು ಬಿಟ್ಟಿದ್ದಾರೆ. ಅದರಲ್ಲಿರುವ ಯುಕ್ತಿಯನ್ನು ನೋಡಿದರೆ ಬಿಡುವುದಕ್ಕೆ ಮನಸ್ಸು ಬಾರದು.

ರಾಗಿಯ ಬೇರು ಮೇಲುಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ರಾಗಿ ಕಾರ್ತೀಕದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅವರೆ, ತೊಗರಿಗಳು ಅನಂತರವೂ ಹೊಲದಲ್ಲಿ ನಿಂತು ಹಿಂಗಾರಿನ ಕೊನೆಯ ಹನಿಯನ್ನೂ ಮಾಗಿಯ ಮಂಜನ್ನೂ ಉಪಯೋಗಿಸಿಕೊಳ್ಳುತ್ತವೆ. ನಾಟಿ ಅವರೆಯಂತೂ ಹಗಲು ಕಿರಿದಾಗುವವರೆಗೆ ಹೂಬಿಡದೆ ಕಾದಿರುತ್ತದೆ. ಆದ್ದರಿಂದ ಮುಂಗಾರು ಸೊರಗಿ ರಾಗಿ ಕುಗ್ಗಿದರೆ, ತೆರವಾದ ಜಾಗದಲ್ಲಿ ಅಕ್ಕಡಿಯ ಗಿಡಗಳು ಕೊಂಬೆಯೊಡೆದು ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಹಿಂಗಾರು ಬೇಗ ನಿಂತರೆ ಅಷ್ಟರಲ್ಲಿ ರಾಗಿ ಬಂದಿರುತ್ತದೆ. ಒಂದೇ ಪೆಟ್ಟಿಗೆ ಎರಡೂ ಬೀಳುವುದು ಅಪರೂಪ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೆ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂದು ಶಿಫಾರಸು ಮಾಡಿದೆ. ತೊಗರಿಯ ಜೋಡಿಸಾಲಿನ ನಡುವೆ ಗುದ್ದುಸಾಲು ತೆಗೆದುಬಿಟ್ಟರೆ ಬಿದ್ದ ಮಳೆಯ ನೀರು ಅಲ್ಲಿಯೇ ಇಂಗುತ್ತದೆ.

ಮಳೆ ಸರಿಯಾಗಿ ಬಂದ ವರ್ಷದಲ್ಲಿ ಒಂಟಿ ಬೆಳೆಯೇ ಹೆಚ್ಚು ಹುಟ್ಟುವಳಿ ಕೊಡಬಹುದೆಂಬ ಆಕ್ಷೇಪಣೆಯನ್ನು ಇಲ್ಲಿ ತರಬಹುದು. ಅದು ನಿಜ. ಮಿಶ್ರ ಬೆಳೆಯವನು ಒಳ್ಳೆಯ ವರ್ಷದಲ್ಲಿ ಸ್ವಲ್ಪ ಬಿಟ್ಟುಕೊಡುತ್ತಾನೆ. ಅದನ್ನು ನಷ್ಟವೆಂದು ಎಣಿಸದೆ ಕಾವಲುಗಾರನಿಗೆ ಕೊಡುವ ಕೂಲಿಯೆಂದು ಎಣಿಸಬೇಕು. ಕಳ್ಳ ಬಾರದ ವರ್ಷವೂ ಕಾವಲುಗಾರನ ಕೂಲಿ ದಂಡವಲ್ಲ. ಚಳ್ಳಕೆರೆ, ಪಾವಗಡದ ಕಡೆಗಳಲ್ಲಿ ಹೊಲವೆಲ್ಲ ಕಡಲೆಕಾಯಿಯೊಂದೇ ಆದಮೇಲೆ, ಮಳೆ ತಪ್ಪಿದ ವರ್ಷಗಳಲ್ಲಿ ಕಾಳೂ ಇಲ್ಲದೆ, ಹಣವೂ ಇಲ್ಲದೆ ಪಟ್ಟ ಪಾಡು ಆ ಸೀಮೆಯವರಿಗೆಲ್ಲ ತಿಳಿದದ್ದೇ.

ಬದುವಿನ ಮೇಲಿನ ಮರಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಹುಣಿಸೆ, ಹಲಸು, ಹೊಂಗೆ, ಬೇವುಗಳ ಬೇರು ಆಳವಾದದ್ದು. ಪೈರು ಒಣಗಿದ ವರ್ಷವೂ ಅವು ಏನನ್ನಾದರೂ ಕೊಡದೆ ಇರವು.

೫. ಮಳೆಯ ಸಮಯವನ್ನು ನೋಡಿ ಬಿತ್ತನೆ

ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳ ಮಳೆಗೆ ಎರಡು ಏರುಗಳುಂಟು. ಒಂದು ಮೇ ತಿಂಗಳಿನಲ್ಲಿ, ಭರಣಿ ಕೃತ್ತಿಕೆಗಳ ಕಾಲದಲ್ಲಿ. ಇನ್ನೊಂದು, ಎರಡರಲ್ಲಿ ದೊಡ್ಡದು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಉತ್ತರೆ ಹಸ್ತ ಚಿತ್ತೆಗಳ ಕಾಲದಲ್ಲಿ. ನಡುವೆ ಜೂನ್ ಜುಲೈಗಳಲ್ಲಿ ಮಳೆ ಇಳಿಮುಖವಾಗಿರುತ್ತದೆ. "ಬಂದರೆ ಮಘೆ, ಹೋದರೆ ಹೊಗೆ" ಎಂಬ ಗಾದೆಯು ಮಳೆಯ ಚಂಚಲತೆಯನ್ನೇ ಹೇಳುತ್ತದೆ. ಹೀಗಿರುವಲ್ಲಿ ಒಂದೇ ತಾರೀಖನ್ನು ನಂಬಿ ಕೂರದೆ, ಯಾವ ಹೊತ್ತಿಗೆ ಹದ ಬಂದರೆ ಯಾವ ಬೀಜವೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರತಕ್ಕದ್ದು.

ಮೇ ತಿಂಗಳಲ್ಲಿ ಒಳ್ಳೆಯ ಹದ ಬಂದರೆ ಹೊಲದ ಒಂದು ಭಾಗಕ್ಕೆ ಅಲಸಂದೆ, ಹೆಸರು ಅಥವಾ ಕಾರು ಎಳ್ಳನ್ನು ಬಿತ್ತಬೇಕು. ಅಲಸಂದೆಯಾದರೆ ಎಕರೆಗೆ ಹತ್ತು ಹನ್ನೆರಡು ಕಿಲೋ ಬೀಜ ಬೇಕು. ಮಳೆ ಮುಂದುವರಿದರೆ ರಾಗಿಗೆ ಮೊದಲೇ ಒಂದು ಬೆಳೆ ಮನೆಗೆ ಬಂದಂತಾಯಿತು. ಕಾಯಿ ಬಿಡಿಸಿಕೊಂಡು ಗಿಡವನ್ನು ಉತ್ತರೆ ಭೂಮಿಗೆ ಗೊಬ್ಬರವೂ ಆಯಿತು. ಮಳೆ ನಿಂತರೆ ಹೋದದ್ದು ಬೀಜ ಮತ್ತು ಒಂದು ಉಳುಮೆ. ಗಿಡ ದನಗಳ ಬಾಯಿಗೆ ಆಗುತ್ತದೆ. ಹೋದರೆ ಕೊಂಚ, ಬಂದರೆ ಪೂರ್ತಿ ಬೆಳೆ: ಅನಿಶ್ಚಯದಿಂದ ಲಾಭಪಡೆಯುವುದೆಂದರೆ ಇದೇ.

ಜುಲೈ ಮೊದಲಲ್ಲಿ ಹದ ಸಿಕ್ಕಿದರೆ ೧೨೦ ದಿನಗಳ ದೀರ್ಘಾವಧಿ ರಾಗಿ; ಜುಲೈ ಮಧ್ಯದಿಂದ ೧೧೦ ದಿನಗಳಿಗೆ ಸ್ವಲ್ಪ ಹೆಚ್ಚಾಗಿ ತೆಗೆದುಕೊಳ್ಳುವ ಜಿ.ಪಿ.ಯು. ೨೮ರಂಥ ತಳಿ, ಆಗಸ್ಟಿನಲ್ಲಿ ೧೦೦ ದಿನಗಳೊಳಗೆ ಬರುವ ಜಿ.ಪಿ.ಯು. ೪೮ರಂಥ ಅಲ್ಪಾವಧಿ ತಳಿ. ಸೆಪ್ಟೆಂಬರಾದರೆ ರಾಗಿಯ ಆಸೆ ಬಿಟ್ಟು ಹುರುಳಿ. ಹೀಗೆ ಒಂದು ಹದ ತಪ್ಪಿದರೆ ಮುಂದಿನ ಹದಕ್ಕೆ ತಕ್ಕ ಬೀಜ ಸಿದ್ಧವಿದ್ದರೆ ಹೊಲ ಬೀಳುಬೀಳುವ ಪ್ರಸಂಗವೇ ಕಡಮೆ. ತಡವಾಗಿ ಬಿತ್ತಿದ ದೀರ್ಘಾವಧಿ ರಾಗಿ ತೆನೆಗಟ್ಟುವ ಹೊತ್ತಿಗೆ ಹಿಂಗಾರು ಮುಗಿದಿರುತ್ತದೆಂಬುದನ್ನು ಮರೆಯಬಾರದು.

ಸಸಿಮಡಿಯ ಉಪಾಯವೂ ಇದೇ ಜಾತಿಯದು. ಬಾವಿಯ ಅಥವಾ ಹೊಂಡದ ಬಳಿ ಎರಡು ಮೂರು ಗುಂಟೆಯಲ್ಲಿ ರಾಗಿ ಒಟ್ಲು ಹಾಕಿ, ಮಳೆ ತಡವಾದರೂ ಕೊಡದಲ್ಲಿ ನೀರು ಹನಿಸಿ ಉಳಿಸಿಕೊಂಡರೆ, ಹದ ಬಂದ ದಿನ ಮೂರು ವಾರದ ಸಸಿ ಒಂದೆಕರೆ ನಾಟಿಗೆ ಸಿದ್ಧವಾಗಿರುತ್ತದೆ. ನೆರೆಯವನು ಆ ದಿನ ಬೀಜ ಬಿತ್ತಿದರೆ, ಸಸಿಯುಳ್ಳವನು ಮೂರು ವಾರ ಮುಂದಿದ್ದಾನೆ. ಎಲ್ಲ ಒಟ್ಲನ್ನೂ ಒಂದೇ ದಿನ ಹಾಕದೆ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಲ ಹಾಕುವುದು ಇನ್ನೂ ಕ್ಷೇಮ.

೬. ಜಡಿಮಳೆಯನ್ನು ಹಿಡಿಯುವುದು, ಬರವನ್ನು ದುಡಿಸಿಕೊಳ್ಳುವುದು

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರಿನ ಮೊತ್ತ ಒಂದು ಲಕ್ಷ ಲೀಟರಿಗೂ ಮೇಲಾಗುತ್ತದೆ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಸುರಿದು, ಮೇಲುಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಬದುವಿಲ್ಲದ ಹೊಲದವನಿಗೆ ಜಡಿಮಳೆ ನಷ್ಟ. ಬದುವೂ ಹೊಂಡವೂ ಉಳ್ಳವನಿಗೆ ಅದೇ ಮಳೆ ಲಾಭ.

ಮೇಲೆ ೩೦ ಅಡಿ ಚೌಕ, ತಳದಲ್ಲಿ ೧೦ ಅಡಿ ಚೌಕ, ೧೦ ಅಡಿ ಆಳದ ಕೃಷಿ ಹೊಂಡದಲ್ಲಿ ಸುಮಾರು ೧ ಲಕ್ಷ ೨೦ ಸಾವಿರ ಲೀಟರ್ ನೀರು ನಿಲ್ಲುತ್ತದೆ. ಐದು ಎಕರೆಯ ಮೇಲೆ ಒಂದು ಅಂಗುಲ ಮಳೆ ರಭಸದಿಂದ ಸುರಿದು, ಅದರಲ್ಲಿ ಕಾಲುಭಾಗ ಹರಿದು ಬಂದರೆ ಹೊಂಡ ತುಂಬಿತು. ತೆನೆ ಹೊರಡುವ ಕಾಲದಲ್ಲಿ ಮಳೆ ಹಿಂದೆಗೆದರೆ ಒಂದು ಎಕರೆಗೆ ಒಂದು ಅಂಗುಲ ನೀರು ಕೊಟ್ಟು ಬೆಳೆ ಉಳಿಸಿಕೊಳ್ಳುವುದಕ್ಕೆ ಅಷ್ಟು ಸಾಕು. ಐದೆಕರೆಗೂ ಅದು ಸಾಲದು. ಆದರೆ ಊಟದ ರಾಗಿಯ ಎಕರೆಯನ್ನು ಅದು ಕಾಯುತ್ತದೆ. ಹೊಂಡದ ಸುತ್ತ ಬೇಲಿ ಹಾಕುವುದನ್ನು ಮಾತ್ರ ಯಾರೂ ಅಲಕ್ಷ್ಯಮಾಡಕೂಡದು. ಮಕ್ಕಳ ಪ್ರಾಣಕ್ಕಿಂತ ಬೆಳೆ ದೊಡ್ಡದಲ್ಲ.

ಬರದ ವರ್ಷಕ್ಕೂ ತನ್ನದೇ ಆದ ಕೆಲಸವುಂಟು. ಕೆರೆ ತುಂಬಿರುವಾಗ ಗೋಡು ತೆಗೆಯಲಾಗದು. ಬಾವಿಯ ನೀರು ಮೇಲಿರುವಾಗ ಆಳಮಾಡಲಾಗದು. ಕೆರೆಯಂಗಳ ಒಣಗಿ ಬಿರಿದ ವರ್ಷವೇ ಗೋಡು ಹೊಡೆಯುವ ವರ್ಷ. ಆಗ ಎತ್ತಿಗೂ ಆಳಿಗೂ ಬೇರೆ ಕೆಲಸ ಕಡಮೆ. ಕೆಂಪು ಮರಳುಭೂಮಿಗೆ ಕೆರೆಯ ಜೇಡಿಗೋಡನ್ನು ಹರಡಿದರೆ ಅದರ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಎರೆಭೂಮಿಗೂ ಚೌಳುಭೂಮಿಗೂ ಇದು ತಕ್ಕದ್ದಲ್ಲ. ಬೆಳೆ ಇಲ್ಲದ ವರ್ಷದ ದುಡಿಮೆ ಹೀಗೆ ಮುಂದಿನ ಹತ್ತು ಬೆಳೆಗಳಿಗೆ ಬಂಡವಾಳವಾಗುತ್ತದೆ. ಆಳಗೊಂಡ ಕೆರೆ ಮುಂದಿನ ಮಳೆಯನ್ನು ಹೆಚ್ಚಾಗಿ ಹಿಡಿಯುತ್ತದೆ.

೭. ಪರೀಕ್ಷೆಗೆಂದು ಎರಡು ಗುಂಟೆ

ಕೆಟ್ಟದ್ದಕ್ಕೆ ಕಾಪು ಮಾಡಿಕೊಂಡಷ್ಟಕ್ಕೆ ರೈತನ ಕೆಲಸ ಮುಗಿಯಲಿಲ್ಲ. ಎದುರುನೋಡದ ಒಳ್ಳೆಯದು ಬಂದಾಗ ಅದಕ್ಕೆ ಬಾಗಿಲು ತೆರೆದಿರಬೇಕು. ರಾಗಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ೧೯೧೩ರಲ್ಲಿ ಮೈಸೂರು ವ್ಯವಸಾಯ ಇಲಾಖೆಯ ನಿರ್ದೇಶಕರಾದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರ ಕಾಲದಲ್ಲಿ ರಾಗಿಯ ತಳಿಗಳನ್ನು ಆರಿಸಿ ಉತ್ತಮಪಡಿಸುವ ಕೆಲಸ ನಡೆಯಿತು. ಮುಂದೆ ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದರು. ರಾಗಿಯ ಹುಟ್ಟುವಳಿ ಅದರಿಂದ ಬಹಳವಾಗಿ ಏರಿತು. ಬೆಂಕಿರೋಗ ತಡೆಯುವ ಜಿ.ಪಿ.ಯು. ೨೮ ಅನಂತರ ಬಂದದ್ದು. ಈ ಒಂದೊಂದು ತಳಿಯ ಹಿಂದೆಯೂ ಫಲಿಸದೆ ಬಿಸಾಡಿದ ಎಷ್ಟೋ ಸಾಲುಗಳುಂಟು. ಹೋದ ಸಾಲುಗಳು ಸಣ್ಣವು. ಗೆದ್ದ ಸಾಲು ಸೀಮೆಯನ್ನೇ ತುಂಬಿತು.

ರೈತನೂ ತನ್ನ ಅಳತೆಗೆ ತಕ್ಕಂತೆ ಹೀಗೆಯೇ ಮಾಡಬಹುದು. ೪೦ ಗುಂಟೆಯ ಎಕರೆಯಲ್ಲಿ ಎರಡು ಗುಂಟೆಯನ್ನು ಪ್ರತಿವರ್ಷವೂ ಹೊಸದೊಂದು ಬೀಜಕ್ಕೋ, ಹೊಸದೊಂದು ಕ್ರಮಕ್ಕೋ ಬಿಡಬೇಕು. ಅದು ಪೂರ್ತಿಯಾಗಿ ಕೆಟ್ಟರೂ ಹೋದದ್ದು ಇಪ್ಪತ್ತರಲ್ಲಿ ಒಂದು ಪಾಲು. ಚೆನ್ನಾಗಿ ಬಂದರೆ ಬೀಜ ಉಳಿಸಿಕೊಂಡು ಮುಂದಿನ ವರ್ಷ ಹರಡಬಹುದು. ಕೇಳಿದ ಮಾತನ್ನು ನಂಬಿ ಇಡೀ ಹೊಲಕ್ಕೆ ಹೊಸ ಬೆಳೆ ಹಾಕುವವನ ದಾರಿ ಇದಕ್ಕೆ ನೇರ ವಿರುದ್ಧವಾದದ್ದು.

ಮಲೆನಾಡಿನ ತೋಟಗಾರರಿಗೆ ಇದರ ಇನ್ನೊಂದು ಮುಖದ ಪರಿಚಯವಿದೆ. ಅಡಿಕೆಯ ಕೊಳೆರೋಗದ ಮೇಲೆ ಕೋಲ್ಮನ್‌ರವರು ೧೯೧೦ರಲ್ಲಿ ಗ್ರಂಥ ಪ್ರಕಟಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಪ್ರಚಾರಕ್ಕೆ ತಂದರು. ರೋಗ ಎಷ್ಟು ಬಂದೀತೆಂದು ಯಾರಿಗೂ ತಿಳಿಯದು. ಆದರೂ ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆಯತಕ್ಕದ್ದು. ಗೊನೆ ಉದುರತೊಡಗಿದ ಮೇಲೆ ಹೊಡೆದರೆ ಖರ್ಚು ಮಾತ್ರ ಉಳಿಯುತ್ತದೆ.

೮. ಹೂಡಬಾರದ ಪಣ

ಇದುವರೆಗೆ ಹೇಳಿದವೆಲ್ಲ ಸೋತರೆ ಸ್ವಲ್ಪ, ಗೆದ್ದರೆ ಬಹಳ ಎಂಬ ಜಾತಿಯವು. ಇದಕ್ಕೆ ವಿರುದ್ಧವಾಗಿ, ಗೆದ್ದರೆ ಸ್ವಲ್ಪ, ಸೋತರೆ ಸರ್ವಸ್ವ ಎಂಬ ಪಣಗಳೂ ಉಂಟು. ಇವುಗಳಲ್ಲಿ ಮುಖ್ಯವಾದದ್ದು ಸಾಲಮಾಡಿ ಕೊಳವೆಬಾವಿ ಕೊರೆಯಿಸುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದರೂ ನೀರು ಕಾಣದ ಬಾವಿಗಳಿವೆ. ಮೊದಲನೆಯದು ಬತ್ತಿತೆಂದು ಎರಡನೆಯದು, ಎರಡನೆಯದು ಹುಸಿಯಾಯಿತೆಂದು ಮೂರನೆಯದು, ಹೀಗೆ ಜಮೀನನ್ನೇ ಕಳೆದುಕೊಂಡವರುಂಟು. ಯಾವ ಕೆಲಸ ಕೈಗೂಡದಿದ್ದರೆ ಜಮೀನೂ ಎತ್ತೂ ಹೋಗಬೇಕಾಗುವುದೋ ಆ ಕೆಲಸಕ್ಕೆ, ಲಾಭ ಎಷ್ಟೇ ದೊಡ್ಡದಾಗಿ ತೋರಿದರೂ, ರೈತನು ಕೈಹಾಕತಕ್ಕದ್ದಲ್ಲ. ಬಿತ್ತನೆಗೆ ಬೇಕಾದ ಅಲ್ಪ ಸಾಲವನ್ನು ಸಹಕಾರ ಸಂಘದಿಂದ ಪಡೆಯಬಹುದು. ಬಾರದ ಮಳೆಯನ್ನು ಅಡವಿಟ್ಟು ಮದುವೆ, ಹಬ್ಬಗಳಿಗೆ ಸಾಲಮಾಡಬಾರದು.

ಒಬ್ಬನಿಂದ ತಡೆಯಲಾಗದ ನಷ್ಟವನ್ನು ಹಲವರು ಹಂಚಿಕೊಳ್ಳುವುದು ವಿಮೆಯ ತತ್ತ್ವ. ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು ೧೯೨೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಬ್ಬೊಬ್ಬನ ಹೊಲವನ್ನೂ ಪರೀಕ್ಷಿಸುತ್ತ ಹೋಗದೆ, ಆಯಾ ಪ್ರದೇಶದ ಮಳೆಯ ಲೆಕ್ಕದ ಮೇಲೆ ರೈತರಿಗೆ ಪರಿಹಾರ ಕೊಡುವ ಯೋಜನೆಯೊಂದನ್ನು ವಿವರಿಸಿದ್ದರು. ಆಗ ಅದು ಕಾರ್ಯಕ್ಕೆ ಬರಲಿಲ್ಲ. ಪ್ರದೇಶವನ್ನು ಆಧಾರವಾಗಿಟ್ಟ ಬೆಳೆ ವಿಮೆ ದೇಶದಲ್ಲಿ ವ್ಯಾಪಕವಾಗಿ ಬಂದದ್ದು ೧೯೮೫ರಲ್ಲಿ. ೨೦೧೬ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನು ತೆರತಕ್ಕದ್ದು ವಿಮೆಯ ಮೊಬಲಗಿನಲ್ಲಿ ಶೇಕಡ ೨ಕ್ಕೆ ಮೀರದು. ಮಳೆ ಬರುವುದೋ ಇಲ್ಲವೋ ನೋಡಿ ಕಟ್ಟೋಣವೆಂದು ಕಾದರೆ ಕೊನೆಯ ತಾರೀಖು ಕಳೆದುಹೋಗುತ್ತದೆ.

೯. ಗ್ರಾಮದ ಮುಖ್ಯಸ್ಥರ ಕರ್ತವ್ಯ

ಕೆಲವು ಮುಂಜಾಗ್ರತೆಗಳು ಒಬ್ಬೊಬ್ಬರಿಂದ ಆಗತಕ್ಕವಲ್ಲ. ಪ್ರತಿವರ್ಷವೂ ಚೈತ್ರ ಕಳೆಯುವುದರೊಳಗೆ ಊರಿನ ಯಜಮಾನರು ನಾಲ್ಕು ಜನರನ್ನು ಕರೆದುಕೊಂಡು ಕೆರೆಯ ಏರಿ, ತೂಬು, ಕೋಡಿ, ರಾಜಕಾಲುವೆಗಳನ್ನು ನಡೆದು ನೋಡಬೇಕು. ಏರಿಯ ಮೇಲಿನ ಇಲಿಬಿಲ, ಮರದ ಬೇರು, ಕೋಡಿಯಲ್ಲಿ ಕಟ್ಟಿಕೊಂಡ ಪೊದೆ, ಇವು ಬೇಸಗೆಯಲ್ಲಿ ಒಂದು ದಿನದ ಕೆಲಸ. ಮಳೆಯ ರಾತ್ರಿಯಲ್ಲಿ ಊರಿನ ಗಂಡಾಂತರ. ಮೈಸೂರು ಸೀಮೆಯ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇರುವುದರಿಂದ ಮೇಲಿನ ಕೆರೆ ಒಡೆದರೆ ಕೆಳಗಿನದಕ್ಕೂ ಅಪಾಯ.

ಎರಡನೆಯದು, ಊರಿನ ಧಾನ್ಯಭಂಡಾರ. ಒಳ್ಳೆಯ ವರ್ಷದಲ್ಲಿ ಮನೆಮನೆಯಿಂದ ಹಿಡುವಳಿಗೆ ತಕ್ಕಷ್ಟು ರಾಗಿಯನ್ನು ಕೂಡಿಸಿಟ್ಟು, ಬೀಜ ಕಳೆದುಕೊಂಡವರಿಗೆ ಸಾಲವಾಗಿ ಕೊಟ್ಟು, ಬೆಳೆ ಬಂದಾಗ ಹಿಂದಕ್ಕೆ ಅಳೆಸಿಕೊಳ್ಳಬೇಕು. ಲೆಕ್ಕವನ್ನು ಎಲ್ಲರೆದುರಿಗೆ ಓದತಕ್ಕದ್ದು. ಭೂಮಿಯಿಲ್ಲದ ಕೂಲಿಯವರ ಮನೆಗಳನ್ನೂ ಈ ಭಂಡಾರ ಮರೆಯಕೂಡದು. ಬರದಲ್ಲಿ ಮೊದಲು ಊರು ಬಿಡುವವರು ಅವರೇ, ಮಳೆ ಬಂದಾಗ ಮೊದಲು ಬೇಕಾಗುವವರೂ ಅವರೇ.

ಮೂರನೆಯದು, ಮಳೆಯ ಪುಸ್ತಕ. ತಳವೂ ಬಾಯಿಯೂ ಸಮವಾಗಿರುವ ತಗಡಿನ ಡಬ್ಬಿಯೊಂದನ್ನು ಬಯಲಿನಲ್ಲಿ ಕಂಬದ ಮೇಲೆ ಕೂರಿಸಿ, ಪ್ರತಿದಿನ ಬೆಳಗ್ಗೆ ನೀರಿನ ಆಳವನ್ನು ಅಳೆದು ಬರೆದಿಡುವುದಕ್ಕೆ ಶಾಲೆಯ ಹುಡುಗನೂ ಸಾಕು. ಹತ್ತು ವರ್ಷದ ಪುಸ್ತಕ ಮುಂದಿನ ಮಳೆಯನ್ನು ಹೇಳಲಾರದು. ಆದರೆ ಎಷ್ಟು ಕೆಟ್ಟದಾಗಬಹುದು, ಎಷ್ಟು ದಿನ ಬಿಡುವು ಬೀಳಬಹುದು ಎಂಬುದನ್ನು ಹೇಳುತ್ತದೆ. ಕಾಪು ಎಷ್ಟಿರಬೇಕೆಂಬುದಕ್ಕೆ ಅದೇ ಅಳತೆ.

ಸಾರಾಂಶ

(೧) ಇಡೀ ಕಾಲದ ಮಳೆಯನ್ನು ಊಹಿಸಿ ಪಣ ಹೂಡಬಾರದು.
(೨) ಒಂದು ವರ್ಷದ ಹೆಚ್ಚಿನ ಕಾಳು, ಎರಡು ಬಿತ್ತನೆಯ ಬೀಜ, ಒಂದು ಹೆಚ್ಚಿನ ಮೆದೆ, ಇವು ಇಲ್ಲದೆ ಮಾರಾಟಕ್ಕೆ ಹೋಗಬಾರದು.
(೩) ರಾಗಿಯೊಡನೆ ಅಕ್ಕಡಿಯನ್ನು ಬಿಡಬಾರದು, ಬದುವಿಗೆ ಮರವಿರಲಿ.
(೪) ಒಂದೊಂದು ಹದಕ್ಕೂ ಬೇರೆಬೇರೆ ಬೀಜ ಸಿದ್ಧವಿರಲಿ. ಒಟ್ಲನ್ನು ಎರಡು ಸಲ ಹಾಕಬೇಕು.
(೫) ಜಡಿಮಳೆಗೆ ಹೊಂಡ, ಬರಕ್ಕೆ ಗೋಡಿನ ಕೆಲಸ.
(೬) ಪ್ರತಿವರ್ಷವೂ ಎರಡು ಗುಂಟೆ ಪರೀಕ್ಷೆಗೆ.
(೭) ಜಮೀನು ಹೋಗುವಂಥ ಸಾಲ ಬೇಡ. ವಿಮೆಯ ತಾರೀಖು ತಪ್ಪದಿರಲಿ.
(೮) ಕೆರೆ, ಭಂಡಾರ, ಮಳೆಯ ಪುಸ್ತಕ, ಈ ಮೂರೂ ಊರಿನ ಹೊಣೆ.

ಇವುಗಳಲ್ಲಿ ಬಹು ಹಣ ಬೇಡುವುದು ಹೊಂಡವೊಂದೇ; ಉಳಿದವು ಬೇಡುವುದು ಎಚ್ಚರವನ್ನೂ ಒಗ್ಗಟ್ಟನ್ನೂ. ಮುಂದಿನ ಮಳೆಗೆ ಮೊದಲು ಪ್ರತಿಯೊಬ್ಬ ಹಿಡುವಳಿದಾರನೂ ತನ್ನ ಕಣಜ, ಬೀಜದ ಮಡಕೆ, ಮೆದೆ, ಬದುಗಳನ್ನು ಒಮ್ಮೆ ನೋಡಿ, ಎಂಟರಲ್ಲಿ ಎಷ್ಟು ಆಗಿವೆಯೆಂದು ಎಣಿಸಿಕೊಳ್ಳಲಿ. ಆಗದೆ ಉಳಿದದ್ದರಲ್ಲಿ ಒಂದನ್ನಾದರೂ ಈ ವರ್ಷವೇ ಮಾಡಿ ಮುಗಿಸಲಿ.